ಅಸಲಿ ಕಾರ್ಡು

ಪರದೆಯ ಮೂಲೆಯಲ್ಲಿ ‘ಅಪ್‌ಡೇಟ್ ಮಾಡಲೇ?’ ಎಂಬ ಚೀಟಿ ಮೂರು ವಾರದಿಂದ ಗೋಗರೆಯುತ್ತಿತ್ತು. ಅವತ್ತು ಬೆಳಗ್ಗೆ ಎಂಟಕ್ಕೆ ಕಾಫಿ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕೂತ ತೀರ್ಥಪ್ರಸಾದನಿಗೆ ಅದರ ಮೇಲೆ ಕನಿಕರ ಹುಟ್ಟಿ, ಆಗಲಿ ಎಂದು ಒತ್ತಿಬಿಟ್ಟ. ಒಂದು ಗಂಟೆಯ ನಂತರ ಕಂಪ್ಯೂಟರು ಎದ್ದು ಕೂತಾಗ ಅದರಲ್ಲಿ ಎಲ್ಲವೂ ಇತ್ತು. ವೈಫೈ ಮಾತ್ರ ಇರಲಿಲ್ಲ.

ಮಾದಾಪುರದ ಪೇಟೆಯಲ್ಲಿ, ಸುಲೋಚನಮ್ಮನವರ ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನದೊಂದು ವಿಡಿಯೋ ಸ್ಟುಡಿಯೋ. ಆ ಕಂಪ್ಯೂಟರನ್ನು ಅವನೇ ಒಂದೊಂದು ಭಾಗ ತರಿಸಿ ಜೋಡಿಸಿದ್ದ. ಕಂಪನಿಯ ಮ್ಯಾಕ್ ಕೊಳ್ಳುವ ಶಕ್ತಿ ಇರಲಿಲ್ಲ, ಮ್ಯಾಕ್ ಬಿಟ್ಟು ಬೇರೆಯದರಲ್ಲಿ ಎಡಿಟ್ ಮಾಡುವ ಮನಸ್ಸೂ ಇರಲಿಲ್ಲ. ಹಾಗಾಗಿ ಹೊರಗೆ ತಗಡಿನ ಡಬ್ಬ, ಒಳಗೆ ಮ್ಯಾಕಿನ ಸಾಫ್ಟ್‌ವೇರು. ಅದರ ವೈಫೈ ಕಾರ್ಡು ಮ್ಯಾಕಿನ ಬಳಗದ್ದಲ್ಲ. ಯಾರೋ ಪುಣ್ಯಾತ್ಮರು ಬರೆದು ಹಂಚಿದ ಡ್ರೈವರ್ ಎಂಬ ಪ್ರೋಗ್ರಾಮಿನ ಬಲದಿಂದ, ಕರೆಯದೆ ಮದುವೆಗೆ ಬಂದವನು ಮೂಲೆಯ ಎಲೆಯಲ್ಲಿ ಉಣ್ಣುವ ಹಾಗೆ ಸದ್ದಿಲ್ಲದೆ ದುಡಿಯುತ್ತಿತ್ತು. ಹೊಸ ಅಪ್‌ಡೇಟು ಬಂದು ಅದನ್ನು ಪಂಕ್ತಿಯಿಂದ ಎಬ್ಬಿಸಿತ್ತು.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಅವತ್ತು ಸಂಜೆ ಐದರೊಳಗೆ ಕಕ್ಕಬೆಯ ತಂಗಮ್ಮನವರ ಹೋಂಸ್ಟೇಯ ಫಿಲ್ಮು ಹೋಂಸ್ಟೇ ಸಂಘದ ಸ್ಪರ್ಧೆಗೆ ಹೋಗಬೇಕಿತ್ತು. ಅದು ಆಯ್ಕೆಯಾದರೆ ಸಂಘದ ಇಪ್ಪತ್ತೆರಡು ಹೋಂಸ್ಟೇಗಳ ಫಿಲ್ಮೂ ಅವನದೇ ಎಂದು ತಂಗಮ್ಮ ಮಾತು ಕೊಟ್ಟಿದ್ದರು.

ತಿಂಡಿ ತಂದ ಹೆಂಡತಿ ಪೂಜಿತಾ ಗಂಡನ ಮುಖ ನೋಡಿ, “ಎಂತ ಆತ್?” ಎಂದಳು. ಅವನು ಹೇಳಿದ್ದನ್ನು ಕೇಳಿಸಿಕೊಂಡು, “ಪೆನ್‌ಡ್ರೈವಿಗೆ ಹಾಕಿ ಸೈಬರ್‌ನಿಂದ ಕಳಿಸಿದ್ರೆ ಆಗುದಿಲ್ವಾ?” ಎಂದು ಕೇಳಿದಳು.

“ಹಾಕ್ಲಿಕ್ಕೆ ಫಿಲ್ಮು ಹೊರಗೆ ಬರ್ಬೇಕಲ್ಲ. ಎಡಿಟಿಂಗ್ ಸಾಫ್ಟ್‌ವೇರು ಒಂದು ಸಲ ಇಂಟರ್ನೆಟ್ ನೋಡದೆ ಬಾಗಿಲೇ ತೆಗಿಯುದಿಲ್ಲ ಅಂತದೆ.”

“ವಯರ್ ಹಾಕಿ.”

“ವಯರ್ ಹಾಕುವ ಜಾಗ ಮೇ ತಿಂಗಳ ಸಿಡಿಲಿಗೆ ಹೋಯ್ತು.”

“ಫೋನಿಂದ?”

“ನನ್ನ ಫೋನಿಗೂ ಇದಕ್ಕೂ ಮಾತಿಲ್ಲ.”

ಪೂಜಿತಾ ಕಡುಬಿನ ಡಬ್ಬವನ್ನು ಮೇಜಿನ ಮೇಲಿಟ್ಟು ಹೋದಳು. ತೀರ್ಥಪ್ರಸಾದ ತೋಳು ಮಡಿಸಿದ. ಇವತ್ತು ಒಂದೋ ವೈಫೈ ಬರಬೇಕು, ಇಲ್ಲವೇ ತಾನು ಈ ಕುರ್ಚಿ ಬಿಟ್ಟು ಏಳಬಾರದು ಎಂದು ತೀರ್ಮಾನಿಸಿದ. ಹಳೆಯ ಡ್ರೈವರ್ ತೆಗೆದ, ಫೋನಿನಲ್ಲಿ ಹೊಸದನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ತಂದು ಹಾಕಿದ. ಬರಲಿಲ್ಲ. ಕಾರ್ಡನ್ನೇ ಕಿತ್ತು, ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಕೂರಿಸಿದ. ಹನ್ನೊಂದು ಸಲ ರೀಸ್ಟಾರ್ಟ್ ಮಾಡಿದ. ಹನ್ನೆರಡನೆಯ ಸಲ ವೈಫೈ ಚಿಹ್ನೆ ಮೂಡಿತು. ಆದರೆ ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ. ಕೆಳಗೆ ಓಡಿದ. ಟೈಲರ್ ಅಂಗಡಿಯಲ್ಲಿಟ್ಟಿದ್ದ ರೂಟರಿನ ಸ್ವಿಚ್ಚು ಆಫ್ ಆಗಿತ್ತು.

“ಪಾಪ, ಬೆಳಗ್ಗಿಂದ ಬಿಸಿಯಾಗಿತ್ತು. ನಿಮಗೆ ವೈಫೈ ಬರ್ತಿಲ್ಲ ಅಂತ ಪೂಜಿತಾ ಹೇಳಿದ್ಲು, ಸ್ವಲ್ಪ ರೆಸ್ಟ್ ಕೊಟ್ಟೆ,” ಎಂದರು ಸುಲೋಚನಮ್ಮ, ಹೊಲಿಗೆಯಿಂದ ತಲೆಯೆತ್ತದೆ.

ರೂಟರ್ ಹಾಕಿ ಮೇಲೆ ಬರುವಷ್ಟರಲ್ಲಿ ಚಿಹ್ನೆ ಮತ್ತೆ ಮಾಯವಾಗಿತ್ತು. ಅದರ ಜಾಗದಲ್ಲಿ ದೇರಪ್ಪ ಇದ್ದರು. ರಿಟೈರಾದ ಲೈನ್‌ಮ್ಯಾನ್. ಪಕ್ಕದ ಮನೆಯವರು. ಊರಲ್ಲಿ ಏನು ಕೆಟ್ಟರೂ ಮೊದಲು ಬಂದು ನಿಲ್ಲುವವರು.

“ಅರ್ತಿಂಗ್ ಸರಿ ಇಲ್ಲ ತೀರ್ಥ,” ಎಂದರು.

“ಅರ್ತಿಂಗಿಗೂ ವೈಫೈಗೂ ಸಂಬಂಧ ಇಲ್ಲ ಮಾಮ. ಇದಕ್ಕೆ ಅಸಲಿ ಮ್ಯಾಕಿನ ಒಳಗಿನ ಕಾರ್ಡೇ ಆಗ್ಬೇಕು. ಅದಾದ್ರೆ ಡ್ರೈವರಿನ ಹಂಗಿಲ್ಲ. ಕೂರಿಸುವ ಅಡಾಪ್ಟರು ನನ್ನ ಹತ್ರ ಉಂಟು, ಎರಡು ವರ್ಷದಿಂದ ಕಾರ್ಡಿಗೆ ಕಾಯ್ತಾ ಉಂಟು.”

“ಹಾಗಾದ್ರೆ ಮಡಿಕೇರಿಗೆ ನಡಿ. ಸಿದ್ದರಾಜು ಅಂಗಡಿಲಿ ಅಂಥದ್ದು ಇರ್ತದೆ. ನಾನೂ ಬರ್ತೇನೆ.”

ಕುರ್ಚಿ ಬಿಟ್ಟು ಏಳಬಾರದೆಂಬ ತೀರ್ಮಾನವನ್ನು ತೀರ್ಥಪ್ರಸಾದ ತಿದ್ದಿಕೊಂಡ. ಬೈಕಿನ ಹಿಂದೆ ಕೂತ ದೇರಪ್ಪ ದಾರಿಯುದ್ದಕ್ಕೂ ಎದುರಾದ ಒಂದೊಂದು ಕರೆಂಟು ಕಂಬದ ಚರಿತ್ರೆ ಹೇಳಿದರು. ಮಡಿಕೇರಿ ತಲುಪಿದಾಗ ಹನ್ನೊಂದೂವರೆ.

ಸಿದ್ದರಾಜು ಕುಶಾಲನಗರದ ಕಡೆಯವನು. ಮಡಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಅವನ ಮೇಜಿನ ಮೇಲೆ ಎರಡು ಐಮ್ಯಾಕ್‌ಗಳು ಗಾಜು ಬಿಚ್ಚಿಸಿಕೊಂಡು, ಆಪರೇಷನ್ ಆದ ಅವಳಿ ಮಕ್ಕಳ ಹಾಗೆ ಅಕ್ಕಪಕ್ಕ ಮಲಗಿದ್ದವು.

“ನಿಮ್ ಅದೃಷ್ಟ ಸಾರ್. ಒಂದು ರಿಪೇರಿ ಆಗೈತೆ, ಇನ್ನೇನು ಅದರ ಓನರ್ರ ಗಾಡಿ ಡ್ರೈವರ್ ಬರ್ತಾನೆ. ಇನ್ನೊಂದರ ಬೋರ್ಡು ಸುಟ್ಟೋಗೈತೆ, ಓನರ್ರು ಬೇಡ ಅಂದವ್ರೆ. ಅದರ ಕಾರ್ಡು ತಗಳಿ,” ಎಂದ ಸಿದ್ದರಾಜು. ಅಷ್ಟರಲ್ಲಿ ಕರೆಂಟು ಹೋಯಿತು. ಅವನ ಫೋನೂ ಹೊಡೆದುಕೊಂಡಿತು. ಅವನು ಮಾತಾಡುತ್ತ ರಸ್ತೆಗೆ ಇಳಿದ.

“ಈ ಕತ್ತಲೆಲಿ ಸ್ಕ್ರೂ ಕಾಣ್ತದಾ?” ಎಂದು ದೇರಪ್ಪ ಎರಡನ್ನೂ ಒಂದೊಂದಾಗಿ ಎತ್ತಿ ಕಿಟಕಿ ಪಕ್ಕದ ಬೆಂಚಿನ ಮೇಲಿಟ್ಟರು.

“ಯಾವುದು ಸಿದ್ದರಾಜು?” ತೀರ್ಥಪ್ರಸಾದ ಬಾಗಿಲಿಗೆ ಬಂದು ಕೇಳಿದ.

ಫೋನು ಕಿವಿಗೇ ಇಟ್ಟುಕೊಂಡು ಸಿದ್ದರಾಜು, “ಎಡಗಡೇದು ಸಾರ್,” ಎಂದ.

ಎಡಗಡೆಯದರಿಂದ ಬೆರಳುಗಾತ್ರದ ಕಾರ್ಡು ಕೈಗೆ ಬಂದಾಗ, ಹೂವಿನೊಳಗಿಂದ ಜೇನುಹುಳ ಹಿಡಿದಷ್ಟು ಜೋಪಾನವಾಗಿ ತೀರ್ಥಪ್ರಸಾದ ಅದನ್ನು ಬೆಂಕಿಪೊಟ್ಟಣದೊಳಗಿಟ್ಟು ಜೇಬಿಗೆ ಹಾಕಿಕೊಂಡ.

ಮಾದಾಪುರಕ್ಕೆ ಮರಳಿದಾಗ ಎರಡು ಗಂಟೆ. ದಾರಿಯಲ್ಲಿ ಬೈಕಿನ ಚಕ್ರ ಪಂಚರಾಗಿ ಅರ್ಧ ಗಂಟೆ ಅಲ್ಲಿಯೇ ಹೋಗಿತ್ತು. ಅಡಾಪ್ಟರಿನ ಸ್ಕ್ರೂ ಒಂದು ಉರುಳಿ ಮಹಡಿಯ ಹಲಗೆಯ ಸಂದಿನಿಂದ ಸುಲೋಚನಮ್ಮನವರ ರವಿಕೆ ಬಟ್ಟೆಯ ಮೇಲೆ ಬಿತ್ತು. ಅವರು ಅದನ್ನು ಬಟನ್ನಿನ ಡಬ್ಬಕ್ಕೆ ಹಾಕಿದ್ದರು. ಅರ್ಧ ಡಬ್ಬ ಬಟನ್ನು ನೆಲಕ್ಕೆ ಸುರಿದು ಹುಡುಕಿ ತಂದ. ಕಾರ್ಡು ಕೂತಿತು, ಆಂಟೆನಾ ಕೂತಿತು. ಮೂರೂಕಾಲಿಗೆ ಕಂಪ್ಯೂಟರು ಎದ್ದಿತು. ವೈಫೈ ಚಿಹ್ನೆ ತುಂಬು ಗೆರೆಗಳೊಂದಿಗೆ, ತನ್ನ ಮನೆಗೇ ಬಂದವರ ಹಾಗೆ ಬಂದು ಕೂತಿತು. ಎಡಿಟಿಂಗ್ ಸಾಫ್ಟ್‌ವೇರು ಬಾಗಿಲು ತೆರೆಯಿತು.

ನಾಲ್ಕು ಐವತ್ತೆರಡಕ್ಕೆ ಫಿಲ್ಮು ಸಂಘಕ್ಕೆ ಹೋಗಿ ಸೇರಿತು. ದೇರಪ್ಪ ಅವನ ಬೆನ್ನು ತಟ್ಟಿದರು. ಸುಲೋಚನಮ್ಮ ಎಲ್ಲರಿಗೂ ಕಾಫಿ ಕಳಿಸಿದರು. ಬೆಳಗಿನ ಕಡುಬನ್ನು ತೀರ್ಥಪ್ರಸಾದ ಆಗ ತಿಂದ. ತಣ್ಣಗಾಗಿದ್ದರೂ ಅಷ್ಟು ರುಚಿಯ ಕಡುಬನ್ನು ಅವನು ಈವರೆಗೆ ತಿಂದಿರಲಿಲ್ಲ.

ಐದೂವರೆಗೆ ತಂಗಮ್ಮನವರ ಫೋನು ಬಂತು.

“ತೀರ್ಥ, ಫಿಲ್ಮು ಸಂಘದವರಿಗೆ ತುಂಬಾ ಇಷ್ಟ ಆಗಿದೆಯಂತೆ. ಒಂದೇ ಒಂದು ತಪ್ಪು. ನಮ್ಮ ಮನೆ ಹೆಸರಿನ ಸ್ಪೆಲ್ಲಿಂಗ್ ಸರಿ ಇಲ್ಲ. ಅದನ್ನ ತಿದ್ದಿ ನಾಳೆ ಹತ್ತು ಗಂಟೆ ಒಳಗೆ ಪುನಃ ಕಳಿಸ್ಬೇಕಂತೆ.”

“ಅದಕ್ಕೇನು ಆಂಟಿ, ಈಗಲೇ ಕಳಿಸ್ತೇನೆ,” ಎಂದ ತೀರ್ಥಪ್ರಸಾದ, ಇಂಟರ್ನೆಟ್ಟಿನ ಯಜಮಾನನ ದನಿಯಲ್ಲಿ.

“ಈಗ ಬೇಡ. ಸ್ಪೆಲ್ಲಿಂಗ್ ನಾನೇ ಪಕ್ಕದಲ್ಲಿ ಕೂತು ಹೇಳ್ಬೇಕು, ಎರಡು ಸಲ ತಪ್ಪಾಗಿದೆ. ಮತ್ತೆ ಇಲ್ಲೊಂದು ಕೆಲಸ ಉಂಟು. ನನ್ನ ಐಮ್ಯಾಕು ಮಡಿಕೇರಿಯಿಂದ ರಿಪೇರಿಯಾಗಿ ಬಂತು. ನಮ್ಮ ಡ್ರೈವರ್ ಅವಸರ ಮಾಡಿದ ಅಂತ ರಿಪೇರಿಯವನು ಗಾಜು ಅಂಟಿಸಿ, ಚಿತ್ರ ಬರ್ತದಾ ನೋಡಿ ಕಳಿಸಿದ್ದಾನೆ. ಚಿತ್ರ ಚೆನ್ನಾಗಿ ಬರ್ತದೆ, ವೈಫೈ ಮಾತ್ರ ಇಲ್ಲ. ಒಳಗೆ ಕಾರ್ಡೇ ಇಲ್ಲ ಅಂತ ತೋರಿಸ್ತದೆ. ಅವನಿಗೆ ಫೋನ್ ಮಾಡಿದ್ರೆ, ಅದಕ್ಕೆ ಮಾದಾಪುರದ ತೀರ್ಥಪ್ರಸಾದೇ ಸರಿ ಅಂದ. ಅದಕ್ಕೇ ಮೂರೂವರೆಗೇ ಗಾಡಿ ಕಳಿಸಿದ್ದೇನೆ, ಇನ್ನೇನು ಬರ್ತದೆ. ನಿನ್ನ ಕಂಪ್ಯೂಟರನ್ನೂ ತಕ್ಕೊಂಡು ಬಾ, ಎರಡೂ ಕೆಲಸ ಇಲ್ಲೇ ಆಗ್ಲಿ.”

ತೀರ್ಥಪ್ರಸಾದ ಫೋನಿಟ್ಟು ದೇರಪ್ಪನವರನ್ನು ನೋಡಿದ. “ಮಾಮ, ಆ ಎರಡನ್ನೂ ಬೆಂಚಿನ ಮೇಲೆ ಇಟ್ಟಾಗ ಎಡ ಬಲ ಹಾಗೇ ಇಟ್ರಾ?”

“ಭಾರ ಕಮ್ಮಿ ಅನ್ಸಿದ್ದನ್ನ ಮೊದಲು ಎತ್ತಿದೆ. ಎಡ ಬಲ ಯಾರಿಗೆ ಗೊತ್ತು?”

ಅವನು ಸಿದ್ದರಾಜುವಿಗೆ ಫೋನು ಮಾಡಿದ. ಇನ್ನೊಂದು ಐಮ್ಯಾಕು ಅಂಗಡಿಯಲ್ಲೇ ಇದೆಯೇ ಎಂದು ಕೇಳುವಾಗ ಅವನ ದನಿಯಲ್ಲಿ ಇನ್ನೂ ಛಲವಿತ್ತು.

“ಅದಾ ಸಾರ್? ಕಾರ್ಡು ನೀವು ತಗಂಡ್ರಿ, ಇನ್ನೇನೈತೆ ಅದ್ರಾಗೆ ಅಂತ ಮಧ್ಯಾಹ್ನವೇ ಗುಜರಿ ಲಾರಿಗೆ ಹಾಕ್ದೆ. ಇಷ್ಟೊತ್ತಿಗೆ ಮೈಸೂರು ದಾಟಿರ್ತದೆ.”

ಕೆಳಗೆ ರಸ್ತೆಯಲ್ಲಿ ತಂಗಮ್ಮನವರ ಜೀಪು ಹಾರನ್ನು ಹೊಡೆಯಿತು. ತೀರ್ಥಪ್ರಸಾದ ಕಂಪ್ಯೂಟರನ್ನು ಅಪ್ಪಿಕೊಂಡು ಮೆಟ್ಟಿಲಿಳಿದ. ಕಕ್ಕಬೆಗೆ ಎರಡು ಗಂಟೆಯ ದಾರಿ. ಇರುವ ಒಂದು ಕಾರ್ಡಿನಲ್ಲಿ ಎರಡು ಕಂಪ್ಯೂಟರಿಗೆ ವೈಫೈ ತರಿಸುವ ಉಪಾಯವನ್ನು ಅಷ್ಟರೊಳಗೆ ಹುಡುಕಿಯೇ ತೀರುತ್ತೇನೆಂದು ಅವನು ಹಲ್ಲು ಕಚ್ಚಿ ಕೂತ.

ಜೀಪಿನ ಡ್ರೈವರ್ ಹಿಂದೆ ತಿರುಗಿ, “ಅಣ್ಣ, ನೀವು ತುಂಬಾ ಹುಷಾರಂತೆ. ಅಮ್ಮ ಸಂಘದವರಿಗೆಲ್ಲ ಹೇಳಿದ್ದಾರೆ. ನಿಮ್ಮ ಕೈಚಳಕ ನೋಡ್ಲಿಕ್ಕೆ ಅಂತ ಇಪ್ಪತ್ತೆರಡು ಜನವೂ ಬಂದು ಕೂತಿದ್ದಾರಂತೆ,” ಎಂದ.