ಅತ್ತೆಯ ಅಪ್ಪ ಕೂತ ಕುರ್ಚಿ

ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಕುರ್ಚಿ ಇದೆ. ಅದರಲ್ಲಿ ಯಾರೂ ಕೂರುವಂತಿಲ್ಲ. ಓಕ್ ಮರದ್ದು, ಬೆನ್ನಿಗೆ ಡ್ರ್ಯಾಗನ್, ಎರಡು ಕೈಗಳ ತುದಿಗೂ ಸಿಂಹದ ಮುಖ. 1913ರಲ್ಲಿ ನಮ್ಮ ಪಾಂಟ್‌ವೆನ್ ಊರಿನ ಕಾವ್ಯೋತ್ಸವದಲ್ಲಿ ಗೆದ್ದ ಕವಿಗೆ ಕೊಟ್ಟದ್ದು. ವೇಲ್ಸ್‌ನಲ್ಲಿ ಒಳ್ಳೆಯ ಪದ್ಯ ಬರೆದವನಿಗೆ ಶಾಲು ಹೊದಿಸುವುದಿಲ್ಲ, ಕುರ್ಚಿ ಕೊಟ್ಟು ಕೂರಿಸುತ್ತೇವೆ. ಗೆದ್ದವರು ನಮ್ಮ ಅತ್ತೆ ಲೆಟಿಯವರ ತಂದೆ ಸೈಲಾಸ್ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರ (ಹೌದು, ನಾನು ಮನೆ ಅಳಿಯ, ನಗುವವರು ಈಗಲೇ ನಕ್ಕುಬಿಡಿ) ಮರೆತು, ಬೂಟಿನ ಲೇಸು ಕಟ್ಟಲು ಅದರಲ್ಲಿ ಕೂತೆ. ಅತ್ತೆ ಕೈಲಿದ್ದ ಸೌಟನ್ನು ಬಾಗಿಲ ಕಡೆ ತೋರಿಸಿದರು. ಅಂದಿನಿಂದ ನಾನು ಲೇಸು ಕಟ್ಟುವುದು ಮೆಟ್ಟಿಲ ಮೇಲೆ.

ಈ ವಸಂತದಲ್ಲಿ ಊರ ಚಾಪೆಲ್‌ನ ಪಕ್ಕದ ಹಾಲ್‌ನಲ್ಲಿ ಒಂದು ಪ್ರದರ್ಶನ ಮಾಡಬೇಕೆಂದು ಇತಿಹಾಸ ಸಂಘದವರು ಹೊರಟರು. ಕುರ್ಚಿಯನ್ನು ಕೇಳಿದರು. ಎಂಬತ್ತೆಂಟು ವರ್ಷದ ಅತ್ತೆ ಎರಡು ದಿನ ಯೋಚಿಸಿ, ಒಂದು ತಿಂಗಳ ಮಟ್ಟಿಗೆ ಕೊಡಲು ಒಪ್ಪಿದರು. ಜೊತೆಗೆ ಒಂದು ಹಿತ್ತಾಳೆ ಫಲಕ ಆಗಬೇಕು.

"ಫಲಕದ ಮೇಲೆ ಏನು ಬರೆಸ್ಬೇಕೋ ನೀನೇ ನೋಡು ಇಡ್ವಾಲ್. ರಿಟೈರ್ ಆದಾಗಿಂದ ಕಿಟಕೀಲಿ ನಿಂತು ಹೊಸ ಪೋಸ್ಟ್‌ಮನ್‌ಗೆ ಬೈಯೋದು ಬಿಟ್ರೆ ನಿನಗೇನು ಕೆಲಸ?" ಎಂದಳು ನನ್ನ ಹೆಂಡತಿ ನೆಸ್ಟಾ.

(ಆ ಹೊಸಬ ಗೇಟು ಹಾಕುವುದಿಲ್ಲ. ಮೂವತ್ತನಾಲ್ಕು ವರ್ಷ ನಾನು ಗೇಟು ಹಾಕಿದ್ದೇನೆ.)

ಆಗ ನನಗೆ ಹೊಳೆದದ್ದೇ ರಾಷ್ಟ್ರೀಯ ಗ್ರಂಥಾಲಯ. ಆಬೆರಿಸ್ಟ್ವಿತ್‌ನ ಗುಡ್ಡದ ಮೇಲಿರುವ ಆ ಗ್ರಂಥಾಲಯದವರು ನೂರು ವರ್ಷದ ಹಿಂದಿನ ಪತ್ರಿಕೆಗಳನ್ನೆಲ್ಲ ಚಿತ್ರ ತೆಗೆದು ಇಂಟರ್‌ನೆಟ್‌ಗೆ ಹಾಕಿದ್ದಾರೆ. ಮನೆಯಲ್ಲೇ ಚಪ್ಪಲಿ ಹಾಕಿಕೊಂಡು ಓದಬಹುದು. ಅದನ್ನು ಬಳಸುವುದು ಹೇಗೆಂದು ಅಲ್ಲಿನ ಒಬ್ಬ ಹೆಣ್ಣುಮಗಳು ಬಂದು ನಮ್ಮ ಹಾಲ್‌ನಲ್ಲಿ ಒಂದು ಮಧ್ಯಾಹ್ನ ಪಾಠ ಮಾಡಿ ಹೋಗಿದ್ದಳು. ಬೆಣ್ಣೆ ಸವರಿದ ಬಾರಾ ಬ್ರಿಥ್ ಎಂಬ ನಮ್ಮ ಒಣದ್ರಾಕ್ಷಿ ಬ್ರೆಡ್ ನಾಲ್ಕು ತುಂಡು ತಿಂದು, ಸಂಶೋಧಕನಾಗಿ ಮನೆಗೆ ಬಂದಿದ್ದೆ.

ವಿಧಾನ ಬಹಳ ಸುಲಭ. ಬೇಕಾದ ಪದ ಟೈಪ್ ಮಾಡಿದರೆ ಆಯಿತು, ಹಳೆಯ ಪುಟದಲ್ಲಿ ಆ ಪದವಿದ್ದ ಕಡೆಯೆಲ್ಲ ಹಳದಿ ಬಣ್ಣ ಬರುತ್ತದೆ. ನಾನು ಹಳದಿಯನ್ನು ಮಾತ್ರ ಓದುತ್ತಿದ್ದೆ. ಉಳಿದದ್ದನ್ನೂ ಓದಿ ಎಂದು ಆಕೆ ಎರಡು ಸಲ ಹೇಳಿದ್ದಳು. ಆದರೆ ಅಷ್ಟು ಸಣ್ಣ ಅಕ್ಷರ ಓದಲು ಅವಳಿಗಿದ್ದಂಥ ಕಣ್ಣು ಬೇಕು.

ಮೊದಲ ದಿನವೇ ನೆಸ್ಟಾಳ ದೊಡ್ಡತ್ತೆಯೊಬ್ಬಳು ಸೈಕಲ್‌ಗೆ ದೀಪವಿಲ್ಲದೆ ಹೋಗಿ ಕೋರ್ಟಿನಲ್ಲಿ ನಿಂತ ಸುದ್ದಿ ಸಿಕ್ಕಿತು. ಚಹಾದ ಹೊತ್ತಿಗೆ ಗಟ್ಟಿಯಾಗಿ ಓದಿದೆ.

"ನಮ್ಮ ಕಡೆಯವರದ್ದೇ ಸಿಗುತ್ತೆ ನಿನಗೆ! ನಿಮ್ಮ ಕಡೆಯೋರ ಹೆಸರು ಹಾಕಿ ನೋಡಿದ್ಯಾ?" ಎಂದಳು ನೆಸ್ಟಾ.

"ನಮ್ಮ ಕಡೆಯೋರು ಮರ್ಯಾದಸ್ಥರು. ಪೇಪರ್‌ನಲ್ಲಿ ಬರೋಲ್ಲ."

ಈ ಮಾತನ್ನು ನಾನು ಆಡಬಾರದಿತ್ತು. ಇರಲಿ.

ಮೂರನೆಯ ದಿನ 'ಸೈಲಾಸ್', 'ಕುರ್ಚಿ' ಎಂದು ಟೈಪ್ ಮಾಡಿದೆ. ಹಳದಿ ಬಂತು. ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

"ಮೊದಲ ಸ್ಥಾನ 'ಬೇಲಿಹಕ್ಕಿ' ಎಂಬ ಗುಪ್ತನಾಮದ ಕವಿಗೆ. ಕಹಳೆ ಊದಿ ಮೂರು ಬಾರಿ ಕರೆದರೂ ಕವಿ ಎದ್ದು ನಿಲ್ಲಲಿಲ್ಲ. ಕೊನೆಗೆ ಸೈಲಾಸ್ ಎಂಬ ಯುವಕ ಎದ್ದು, ತಾನು ಕವಿಯಲ್ಲ, ಕವಿಯ ಪರವಾಗಿ ಬಂದವನು ಎಂದು ತಿಳಿಸಲು, ಆತನನ್ನೇ ಕುರ್ಚಿಯಲ್ಲಿ ಕೂರಿಸಲಾಯಿತು."

ಗೆದ್ದವನು ಬಾರದಿದ್ದರೆ ಅವನ ಪರವಾಗಿ ಮತ್ತೊಬ್ಬ ಕೂರುವುದು ನಮ್ಮಲ್ಲಿ ಇದ್ದದ್ದೇ. ಆದರೆ ಪರವಾಗಿ ಕೂತವನು ಕುರ್ಚಿಯನ್ನೇ ಹೊತ್ತುಕೊಂಡು ತನ್ನ ಮನೆಗೆ ಹೋಗಿ, ನೂರು ವರ್ಷ ಇಟ್ಟುಕೊಳ್ಳುವ ಪದ್ಧತಿ ಮಾತ್ರ ಎಲ್ಲೂ ಇಲ್ಲ!

ಮುಂದಿನ ತಿಂಗಳ ಸಂಚಿಕೆಯಲ್ಲಿ ಒಂದು ಓದುಗರ ಪತ್ರ: "ಬೇಲಿಹಕ್ಕಿ ಯಾರು? ಕುರ್ಚಿ ಎಲ್ಲಿ?" ಉತ್ತರ ಯಾವ ಸಂಚಿಕೆಯಲ್ಲೂ ಇಲ್ಲ. ಉತ್ತರ ನಮ್ಮ ನಡುಕೋಣೆಯಲ್ಲಿ, ಅತ್ತೆ ಪ್ರತಿ ಶನಿವಾರ ಮೇಣ ಹಚ್ಚಿ ಉಜ್ಜುವ ನಾಲ್ಕು ಕಾಲುಗಳ ಮೇಲೆ ನಿಂತಿತ್ತು. ಮತ್ತೂ ಕೆದಕಿದೆ. ತೀರ್ಪುಗಾರರ ಹೆಸರು ಸಿಕ್ಕಿತು, ಪಾದ್ರಿ ಎಬೆನೆಜರ್. ಅತ್ತೆಯ ತಾಯಿಯ ತಂದೆ! ಅಂದರೆ ತೀರ್ಪು ಕೊಟ್ಟವನು ಮಾವ, ಕುರ್ಚಿ ಹೊತ್ತವನು ಮುಂದೆ ಅಳಿಯನಾಗುವವನು. ಇದು ಬರೀ ಕಳ್ಳತನವಲ್ಲ, ಭಾರೀ ಷಡ್ಯಂತ್ರ. ನಾನು ಉಂಡುಟ್ಟು ಬಾಳುತ್ತಿರುವ ಈ ಮನೆತನ ಒಬ್ಬ ಬಡಕವಿಯ ಕುರ್ಚಿಯನ್ನು ನುಂಗಿ ಕೂತಿದೆ! ಬೇಲಿಹಕ್ಕಿಯ ಮೊಮ್ಮಕ್ಕಳು ಲಾರಿ ತಂದು ಹಾಲ್‌ನ ಮುಂದೆ ನಿಲ್ಲಿಸಿದಂತೆ ಕಣ್ಣಿಗೆ ಕಟ್ಟಿತು.

ಈಗ ಹಾಸ್ಯ ಬದಿಗಿಟ್ಟು ಒಂದು ಮಾತು ಹೇಳುತ್ತೇನೆ. ನಾನು ಅತ್ತೆಗೆ ಹೆದರುತ್ತೇನೆ, ನಿಜ. ಆದರೆ ಅವರೆಂದರೆ ನನಗೆ ಪ್ರಾಣ. ಕುರ್ಚಿ ಒರೆಸುವಾಗ ಅವರು ತಮ್ಮಷ್ಟಕ್ಕೆ ಏನೋ ಗುನುಗುತ್ತಾರೆ, ಅಷ್ಟು ಹೊತ್ತು ಮಂಡಿನೋವು ಮರೆಯುತ್ತಾರೆ. "ನಿಮ್ಮಪ್ಪ ಕವಿಯಲ್ಲ" ಎಂದು ಆ ಮುಖಕ್ಕೆ ಹೇಳುವುದು ಹೇಗೆ? ಹೇಳದೆ, ಸುಳ್ಳು ಹೆಸರನ್ನು ಹಿತ್ತಾಳೆಯಲ್ಲಿ ಕೆತ್ತಿಸುವುದು ಹೇಗೆ? ಒಂದೇ ಒಂದು ಪತ್ರವನ್ನೂ ತಪ್ಪು ಮನೆಗೆ ಹಾಕದವನು ನಾನು.

ಮೂರು ವಾರ ಬೇಲಿಹಕ್ಕಿಯನ್ನು ಹುಡುಕಿದೆ. ಹಳೆಯ ಉಯಿಲು, ಜಮೀನಿನ ನಕ್ಷೆ, ಗ್ರಂಥಾಲಯದವರು ಹಾಕಿದ್ದನ್ನೆಲ್ಲ ಜಾಲಾಡಿದೆ. ಹಕ್ಕಿ ಸಿಗಲಿಲ್ಲ. ಕೆತ್ತುವವನು ಗುರುವಾರದೊಳಗೆ ಬರಹ ಬೇಕೆಂದ. ಬುಧವಾರ ನೆಸ್ಟಾ ಅಡುಗೆಮನೆಯಲ್ಲಿ ಹಿಡಿದಳು. ಒಲೆಯ ಪಕ್ಕ ಅತ್ತೆ ಸಾರಿಗೆ ಈರುಳ್ಳಿ ಜಾತಿಯ ಲೀಕ್ ಹೆಚ್ಚುತ್ತಿದ್ದರು.

"ಎಲ್ಲಿ, ಬರೆದಿದ್ದು ತೋರಿಸು."

ಚೀಟಿ ಕೊಟ್ಟೆ. ಅವಳು ಓದಿದಳು. "ಇದೇನಿದು, 'ಕುರ್ಚಿ, 1913' ಅಂತ?"

"ಚಿಕ್ಕದಾಗಿ, ಚೊಕ್ಕವಾಗಿ..."

"ಕುರ್ಚಿ ಅಂತ ನೋಡಿದೋರಿಗೆ ಗೊತ್ತಾಗಲ್ವಾ? ಹಸು ಅಂದ್ಕೋತಾರಾ? ತಾತನ ಹೆಸರೆಲ್ಲಿ?"

"ಜಾಗ ಸಾಲಲಿಲ್ಲ."

"ಸೈಲಾಸ್. ಮೂರೇ ಅಕ್ಷರ! ಇಡ್ವಾಲ್, ನನ್ನ ಮುಖ ನೋಡು. ಮೂರು ವಾರದಿಂದ ನಾನು ಹತ್ರ ಬಂದ್ರೆ ಕಂಪ್ಯೂಟರ್ ಮುಚ್ತೀಯ. ಈ ವಯಸ್ಸಲ್ಲಿ ಯಾರಿಗೆ ಕಾಗದ ಬರೀತಿದ್ದೀಯ?"

"ಅಯ್ಯೋ, ಕಾಗದ ಅಲ್ಲ ಕಣೇ! ಹಕ್ಕಿ ಹುಡುಕ್ತಿದ್ದೆ!"

"ಯಾವಳವಳು ಹಕ್ಕಿ?"

ಲೀಕ್ ಹೆಚ್ಚುವ ಸದ್ದು ನಿಂತಿತು. "ಬೇಲಿಹಕ್ಕಿ ತಾನೇ?" ಎಂದರು ಅತ್ತೆ, ತಲೆ ಎತ್ತದೆ.

ನಾನು ಸ್ಟೂಲು ಎಳೆದುಕೊಂಡು ಕೂತೆ. ಎಲ್ಲ ಹೇಳಿಬಿಟ್ಟೆ. ಕಹಳೆ, ಮೂರು ಕರೆ, ಓದುಗರ ಪತ್ರ, ಎಲ್ಲ. "ಕ್ಷಮಿಸಿ ಅತ್ತೆ. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಮುಚ್ಚಿಟ್ಟೆ. ಆ ಕುರ್ಚಿ ನಿಮ್ಮಪ್ಪಂದಲ್ಲ."

"ಅಲ್ಲ ಅಂತ ನಂಗೊತ್ತಪ್ಪ. ಅದು ನಮ್ಮಮ್ಮಂದು."

ಸೌಟು ಕೆಳಗೆ ಬಿತ್ತು. (ಬೀಳಿಸಿದವಳು ನೆಸ್ಟಾ.)

"ಅಮ್ಮಂಗೆ ಇಪ್ಪತ್ತು ವರ್ಷ ಆಗ. ಮಾರ್ಗೆಡ್ ಅಂದ್ರೆ ಪಾದ್ರಿ ಮಗಳು, ತಲೆ ತಗ್ಗಿಸಿ ನಡೆಯೋಳು ಅಂತ ಹೆಸರು. ಹೆಂಗಸರಿಗೆ ಕಾವ್ಯ ಯಾಕೆ ಅಂತ ತಾತ ದಿನಾ ಊಟದ ಹೊತ್ತಲ್ಲಿ ಹೇಳೋರು. ಇವಳು ಎಡಗೈಲಿ ಪದ್ಯ ಬರೆದು, ಅಕ್ಷರ ಗುರುತು ಸಿಗದ ಹಾಗೆ ಮಾಡಿ, ಹಾಲು ಹಾಕೋಕೆ ಬರ್ತಿದ್ದ ಸೈಲಾಸ್ ಕೈಲಿ ಕಳಿಸಿದಳು. ತೀರ್ಪು ಕೊಡೋರು ಅವಳಪ್ಪಾನೇ! 'ಇಷ್ಟು ಗಂಡಸುತನದ ಕಾವ್ಯ ಓದಿ ಬಹಳ ಕಾಲವಾಯಿತು' ಅಂತ ಹೊಗಳಿ ಕುರ್ಚಿ ಕೊಟ್ಟರು."

"ಎದ್ದು ನಿಂತು ನಾನೇ ಅನ್ನಬಹುದಿತ್ತಲ್ಲ?" ಎಂದಳು ನೆಸ್ಟಾ.

"ಅಂದಿದ್ರೆ ಪಾದ್ರಿ ತನ್ನ ಮಗಳಿಗೇ ಕೊಟ್ಟುಕೊಂಡ ಅನ್ನೋರು ಊರೋರು. ತನ್ನಪ್ಪನ ಮರ್ಯಾದೆ ಹೋಗುತ್ತೆ ಅಂತ ಸುಮ್ನಾದಳು. ಕುರ್ಚೀನ ಪಾದ್ರಿ ಮನೆಗೆ ಒಯ್ಯೋ ಹಾಗಿಲ್ಲ. ಎರಡು ವರ್ಷ ಸೈಲಾಸ್ ಕೊಟ್ಟಿಗೇಲಿ ಹುಲ್ಲಿನಡಿ ಇತ್ತು. ಬಲಗಡೆ ಸಿಂಹದ ಕಿವಿ ಹಸು ಕಚ್ಚಿದ್ದು. ಕೊನೆಗೆ ಕುರ್ಚಿ ಇರೋ ಕಡೆ ನೀನೂ ಬಂದುಬಿಡು ಅಂತ ಅಪ್ಪ ಕೇಳಿದ, ಮದುವೆ ಆಯ್ತು. ಆ ಒಂದು ದಿನ ಬಿಟ್ಟು ಅಪ್ಪ ಅದರಲ್ಲಿ ಕೂತವನೇ ಅಲ್ಲ. ಅವಳ ಜಾಗ, ನಾನು ಕೂರಬಾರದು ಅನ್ನೋನು."

"ಅಮ್ಮಾ! ನನಗೂ ಹೇಳಿಲ್ವಲ್ಲ ನೀನು!"

"ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ದಳು. ಈಗ ನಂಗೂ ವಯಸ್ಸಾಯ್ತು. ನಾನು ಹೋದ್ರೆ ಅವಳ ಹೆಸರೂ ನನ್ನ ಜೊತೆ ಹೋಗುತ್ತೆ ಅಂತ ರಾತ್ರಿಯೆಲ್ಲ ಯೋಚನೆ." ಅತ್ತೆ ನನ್ನ ಕಡೆ ತಿರುಗಿದರು. "ಫಲಕದ ಮೇಲೆ ಮಾರ್ಗೆಡ್ ಅಂತ ಬರೆಸು, ಇಡ್ವಾಲ್. ಮೂರು ವಾರ ಆ ಡಬ್ಬದಲ್ಲಿ ಹುಡುಕೋ ಬದಲು ನನ್ನನ್ನೇ ಕೇಳಿದ್ರೆ ಆಗ್ತಿತ್ತು. ಎಂಟಡಿ ದೂರದಲ್ಲಿ ಕೂತಿರ್ತೀನಿ."

ಫಲಕವೊಂದೇ ಸಾಲದು, ಪ್ರದರ್ಶನದ ದಿನ ಪತ್ರಿಕೆಯಲ್ಲಿ ಅಚ್ಚಾದ ತೀರ್ಪನ್ನೂ ಊರ ಮುಂದೆ ಪೂರ್ತಿ ಓದುತ್ತೇನೆ ಎಂದು ಅಲ್ಲೇ ಘೋಷಿಸಿದೆ. ನೂರು ವರ್ಷದ ಮೇಲೆ ಮಾರ್ಗೆಡ್‌ಗೆ ನ್ಯಾಯ, ಕೊಡಿಸುವವನು ನಾನು! ಇಡೀ ಪುಟವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ, ಮದುವೆಯ ಕೋಟು ಹಾಕಿಕೊಂಡು ಹಾಲ್‌ಗೆ ಹೋದೆ.

ಅರವತ್ತು ಜನ ಸೇರಿದ್ದರು. ಹಿತ್ತಾಳೆಯಲ್ಲಿ ಮಾರ್ಗೆಡ್ ಹೆಸರು ಹೊಳೆಯಿತು. ಪಕ್ಕದಲ್ಲಿ ಅತ್ತೆ, ನೀಲಿ ಟೋಪಿ ಧರಿಸಿ ಕೂತಿದ್ದರು. ನಾನು ಬೇಲಿಹಕ್ಕಿಯ ಭಾಗವನ್ನು ಓದಿದೆ. 'ಗಂಡಸುತನ' ಬಂದಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆಯ ಗಲ್ಲ ಒದ್ದೆಯಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಇಂದಿಗೂ ನಾನು ಊರಲ್ಲಿ ತಲೆ ಎತ್ತಿ ತಿರುಗುತ್ತಿದ್ದೆ. ಪೂರ್ತಿ ಓದುತ್ತೇನೆ ಎಂದಿದ್ದೆನಲ್ಲ, ಪುಟದ ಕೆಳಭಾಗಕ್ಕೆ ಇಳಿದೆ. ಹಳದಿ ಇಲ್ಲದ ಆ ಭಾಗಕ್ಕೆ ನಾನು ಕಣ್ಣು ಹಾಯಿಸಿರಲೇ ಇಲ್ಲ.

"ಕೊನೆಯ ಸ್ಥಾನ 'ಗುಡ್ಡದ ಗರುಡ' ಎಂಬುವರಿಗೆ," ಎಂದು ಮೊಳಗಿದೆ.

ಹಾಲ್‌ನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಆ ಹೆಸರು ಊರಿಗೆಲ್ಲ ಗೊತ್ತು. ಹೊರಗಿನ ಸ್ಮಶಾನದಲ್ಲಿ, ನನ್ನ ತಾತ ಐಸಾಕ್‌ನ ಕಲ್ಲಿನ ಮೇಲೆ, ಅವನ ಹೆಸರಿಗಿಂತ ದೊಡ್ಡದಾಗಿ ಅದನ್ನು ಕೆತ್ತಲಾಗಿದೆ.

"ನಿಲ್ಲಿಸಬೇಡ, ಓದು," ಎಂದರು ಅತ್ತೆ.

ಓದಿದೆ. "ವಿಷಯ 'ಮನೆಯ ಒಲೆ'. ಗರುಡರು ಇನ್ನೂರ ಹನ್ನೆರಡು ಸಾಲು ಬರೆದಿದ್ದು, ಒಲೆ ಹೊತ್ತುವುದು ನೂರ ತೊಂಬತ್ತನೆಯದರಲ್ಲಿ. ಅಷ್ಟರಲ್ಲಿ ನಾವು ಚಳಿಗೆ ಮರಗಟ್ಟಿದ್ದೆವು. ಈ ಮಿತ್ರರ ಮನೆಯಲ್ಲಿ ಕುರಿಗಳಿದ್ದರೆ, ತಡಮಾಡದೆ ಅವುಗಳ ಬಳಿಗೆ ಮರಳಬೇಕೆಂದು ಪ್ರೀತಿಯಿಂದ ಕೋರುತ್ತೇವೆ."

ಅರವತ್ತು ಜನ ನಕ್ಕ ಸದ್ದಿಗೆ ಕಿಟಕಿ ಗಾಜು ಅದುರಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನೆಸ್ಟಾ. "ಮರ್ಯಾದಸ್ಥರು!" ಎಂದು ಬಿಕ್ಕಳಿಸುತ್ತಿದ್ದಳು. ನಾನು ಹೋಗಿ ಅತ್ತೆಯ ಪಕ್ಕ ಮುಖ ಮರೆಸಿಕೊಂಡು ಕೂತೆ. ಅವರು ನನ್ನ ಕೈ ಹಿಡಿದುಕೊಂಡರು.

"ನಿನ್ನ ತಾತ ಅದನ್ನ ಬರೆದಿದ್ದೇ ನಮ್ಮಮ್ಮನಿಗೋಸ್ಕರ ಕಣಪ್ಪ. ಗೆದ್ದ ಕುರ್ಚಿ ತಂದು ಅವಳ ಮುಂದಿಟ್ಟು, ನನ್ನ ಮದುವೆ ಆಗು ಅಂತ ಕೇಳೋನಿದ್ದನಂತೆ. ಅಮ್ಮ ಹೋದ ದಿನ ಬಂದು, ನಡುಕೋಣೇಲಿ ನಿಂತು ಮಗು ಥರ ಅತ್ತ. ಅವನಿಗೊಬ್ಬನಿಗೆ ನಿಜ ಹೇಳಿದೆ. 'ಅವಳ ಕೈಲಿ ಸೋತಿದ್ದಾ? ಹಾಗಾದ್ರೆ ಪರವಾಗಿಲ್ಲ' ಅಂದು ಕಣ್ಣೊರೆಸಿಕೊಂಡು ಹೋದ."

ಅತ್ತೆ ಮುಂದುವರಿಸಿದರು.

"ಆಮೇಲೆ ನೀನು ನೆಸ್ಟಾನ ಕೇಳೋಕೆ ಬಂದೆ. ಒಂದು ವಾರ ನಾನು ಉತ್ತರ ಹೇಳಲಿಲ್ಲ, ನೆನಪಿದ್ಯಾ?"

ನೆನಪಿತ್ತು. ಆ ವಾರದಲ್ಲಿ ಅವರು ನನ್ನ ನೌಕರಿ, ನಡತೆ, ಚಾಪೆಲ್‌ನಲ್ಲಿ ಹಾಡುವ ನನ್ನ ಕಂಠ ಎಲ್ಲವನ್ನೂ ತೂಗಿ ನೋಡಿ ಮೆಚ್ಚಿದರೆಂದು ಮೂವತ್ತಾರು ವರ್ಷದಿಂದ ನಂಬಿಕೊಂಡು ಬಂದಿದ್ದೇನೆ.

"ಬೇಡ ಅಂತಾನೇ ಇದ್ದೆ," ಎಂದರು ಅತ್ತೆ, ನನ್ನ ಕೈ ತಟ್ಟುತ್ತಾ. "ಆದ್ರೆ ಪಾಪ, ಆ ಮನೆಯವರಿಗೆ ಇನ್ನೊಂದು ಸಲ ಕೊನೇ ಸ್ಥಾನ ಕೊಡೋಕೆ ಮನಸ್ಸು ಬರಲಿಲ್ಲ."