ಗುರ್ತ್ ಸಿಕ್ರೆ ಕೆಲ್ಸ ಬಿಡು

ನನಗೆ ದೊಡ್ಡ ಆಸೆಯೇನೂ ಇರಲಿಲ್ಲ. ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ ಬಿಟ್ಟು ಚಿತ್ರ ಬರೆದು ಬದುಕಬೇಕು, ಅಷ್ಟೇ. ಆದರೆ ನಾನು ಬ್ರಶ್ಶು ಹಿಡಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗದೆ ಇದ್ದದ್ದೇ ಇಲ್ಲ. ಈಗಲೂ ಆಗುತ್ತಲೇ ಇದೆ. ಕೆಲವನ್ನು ಹೇಳುತ್ತೇನೆ.

ದೇವರ ಅಭಿಪ್ರಾಯ

ವಿಷಯ ಮನೆಯಲ್ಲಿ ಬಾಯಿಬಿಟ್ಟಾಗ ಅಮ್ಮ ಬಂಗುಡೆ ಕೊಯ್ಯುತ್ತಿದ್ದರು. ಕತ್ತಿ ನಿಲ್ಲಿಸದೆಯೇ, "ಚಿತ್ರ ಬರಿ ಹೆಣ್ಣೆ, ಯಾರ್ ಬ್ಯಾಡ ಅಂದ್ರ್? ಆದಿತ್ಯವಾರ ಬರಿ" ಅಂದರು.

ವಾರದ ಉಳಿದ ದಿನಗಳೂ ಬೇಕು ಎಂದು ನಾನು ಹಟ ಹಿಡಿದೆ. ಅಮ್ಮ ಸೀದಾ ದೇವಸ್ಥಾನಕ್ಕೆ ಹೋಗಿ ಹೂಪ್ರಸಾದ ಕೇಳಿದರು. ದೇವರ ಮುಡಿಯಿಂದ ಬಲಕ್ಕೆ ಹೂ ಬಿದ್ದರೆ ಆಗಬಹುದು ಎಂದರ್ಥ, ಎಡಕ್ಕೆ ಬಿದ್ದರೆ ಬೇಡ. ಹೂ ಬಲಕ್ಕೇ ಬಿತ್ತು.

ಅಮ್ಮ ಭಟ್ಟರಿಗೆ, "ಇನ್ನೊಂದ್ ಸಲ ಕೇಣಿ" ಅಂದರು.

"ದೇವ್ರ್ ಹೇಳಿ ಆಯ್ತಲೆ ಅಮ್ಮ."

"ಅಲ್ಲ ಭಟ್ರೆ, ನಮ್ಮನಿ ವಿಷ್ಯ ದೇವ್ರಿಗೆ ನಾ ಪೂರ್ತಿ ಹೇಳಿರ್ಲಿಲ್ಲ."

ಗಂಗೊಳ್ಳಿಯಲ್ಲಿ ಮೀನಿನ ವ್ಯಾಪಾರ ಮಾಡುವ ಅಪ್ಪಯ್ಯನಿಗೆ ಹೂವಿನ ಮಾತು ಹಿಡಿಸಲಿಲ್ಲ. ಮಾಲು ಕಣ್ಣಿಗೆ ಕಾಣಿಸದೆ ಅವರು ದರ ಹೇಳುವವರಲ್ಲ. "ನೀ ಬರ್ದ್ ಚಿತ್ರ ಯಾರ್ದ್ ಅಂದೇಳಿ ಊರವ್ರಿಗೆ ಹೇಳ್ದೆ ಗುರ್ತ್ ಸಿಕ್ಕಕ್. ಸಿಕ್ರೆ ಕೆಲ್ಸ ಬಿಡು. ಅಲ್ಲೀವರಿಗೆ ಬಿಡುಕಾಗ" ಎಂದು ತೀರ್ಪು ಕೊಟ್ಟರು. ಚಿತ್ರದಲ್ಲಿರುವುದು ಯಾರೆಂದು ನೋಡಿದವರೇ ಹೇಳಬೇಕು, ಅಲ್ಲಿಯವರೆಗೆ ಅಂಗಡಿ ಕೆಲಸ ಬಿಡುವ ಹಾಗಿಲ್ಲ. ದೇವರು ಒಂದೇ ಹೂವಿನಲ್ಲಿ ಒಪ್ಪಿದ್ದರು, ಅಪ್ಪಯ್ಯನದ್ದು ಹಾಗಲ್ಲ.

ಕೆರಾಡಿಯ ಹುಲಿ

ಮೊದಲ ಕೆಲಸ ಸಿಕ್ಕಿದ್ದು ಕೆರಾಡಿ ಕಡೆಯ ಒಂದು ಅಂಗನವಾಡಿಯ ಗೋಡೆಯಲ್ಲಿ. ಕಾಡಿನ ಪ್ರಾಣಿ ಬರೆಯಿರಿ ಅಂದರು. ಇದ್ದ ವಿದ್ಯೆಯನ್ನೆಲ್ಲ ಸುರಿದು, ಬಾಯಿ ತೆರೆದು ನಿಂತ ಹುಲಿ ಬರೆದೆ. ಮಕ್ಕಳಿಗೆ ಅದು ಎಷ್ಟು ಇಷ್ಟವಾಯಿತೆಂದರೆ ನನಗೇ ಹೆಮ್ಮೆಯಾಯಿತು.

ವಾರ ಕಳೆಯುವುದರೊಳಗೆ ಟೀಚರ ಫೋನು. "ಹ್ವಾಯ್, ನಿಮ್ಮ ಹುಲಿ ಬಾಯಿ ಮುಚ್ಚೂಕೆ ಆತ್ತಾ?"

"ಎಂತಕೆ ಟೀಚರೆ, ಮಕ್ಳ್ ಹೆದ್ರತೊ?"

"ಹೆದ್ರೂದಾ? ಕೊಟ್ಟ ಮೊಟ್ಟೆ ಒಂದೂ ಹೊಟ್ಟಿಗ್ ಹೋತಿಲ್ಲೆ. ಎಲ್ಲ ತಕಂಡ್ ಹೋಯಿ ಹುಲಿ ಬಾಯಿಗ್ ಒರ್ಸ್ತೊ."

ಮುಂದಿನ ಭಾನುವಾರ ಬಸ್ಸು ಹತ್ತಿ ಹೋಗಿ ಹುಲಿಯ ಬಾಯಿ ಮುಚ್ಚಿಸಿ ಬಂದೆ. ಬಾಯಿಯ ಸುತ್ತ ಒಣಗಿದ್ದ ಹಳದಿಯನ್ನು ಕೆರೆದು ತೆಗೆಯುವುದಕ್ಕೇ ಅರ್ಧ ದಿನ ಹೋಯಿತು. ಆದರೂ ಅಪ್ಪಯ್ಯನ ಮುಂದೆ ಎದೆ ಸೆಟೆಸಿ, "ಮಕ್ಳಿಗೆ ಗುರ್ತ್ ಸಿಕ್ಕಿತ್, ಇನ್ನ್ ಕೆಲ್ಸ ಬಿಡ್ಲಾ?" ಎಂದು ಕೇಳಿದೆ.

ಅಪ್ಪಯ್ಯ ಒಪ್ಪಲಿಲ್ಲ. "ಹುಲಿ ಬಂದ್ ಹೌದ್, ಇದ್ ನಾನೇ ಅಂದೇಳಿ ಹೇಳ್ತಾ? ಮನ್ಷರನ್ ಬರಿ."

ಬ್ರಹ್ಮಾವರದ ಯಜಮಾನರು

ಮನುಷ್ಯರೂ ಸಿಕ್ಕಿದರು. ಬ್ರಹ್ಮಾವರದ ಅಂಗಡಿ ಯಜಮಾನರೊಬ್ಬರಿಗೆ ಅವರದೇ ದೊಡ್ಡ ಪಟ ಬೇಕಿತ್ತು. ಬರೆಯಲು ಕೂತ ಮೇಲೆ ಸಣ್ಣಸಣ್ಣ ತಿದ್ದುಪಡಿಗಳು ಶುರುವಾದವು. ಮೊದಲು ತಲೆಗೆ ಸ್ವಲ್ಪ ಕೂದಲು ಬೇಕು ಅಂದರು. ಆಮೇಲೆ ಕೂದಲು ಕಪ್ಪಾಗಬೇಕು ಅಂದರು. ಹೊಟ್ಟೆಯನ್ನು ಅವರೇ ಕೈಯಲ್ಲಿ ಗೆರೆ ಎಳೆದು ತೋರಿಸಿ, "ಇಲ್ಲಿಗ್ ನಿಲ್ಸಿ" ಅಂದರು. ಗಿರಾಕಿ ಹೇಳಿದಂತೆ ನಿಲ್ಲಿಸಿದೆ.

ಪಟ ಗೋಡೆಗೆ ಏರಿತು. ಒಳಗಿನಿಂದ ಅವರ ಹೆಂಡತಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ತುಂಬಾ ಹೊತ್ತು ನೋಡಿದರು.

"ಚಂದ ಇದ್ರಲೆ," ಅಂದರು. "ಯಾರಿವ್ರ್?"

ಯಜಮಾನರಿಗೆ ಸಿಟ್ಟು ಬಂದೀತೆಂದು ನಾನು ಬಣ್ಣದ ಚೀಲ ಕಟ್ಟಿಕೊಳ್ಳುತ್ತಿದ್ದೆ. ಅವರು ನಾಚಿಕೊಂಡು ನಿಂತಿದ್ದರು.

ಓಂ ಶಾಂತಿ

ನನಗೆ ಮಾತ್ರ ಅವತ್ತು ಅಳುವೇ ಬಂತು. ಕಟ್ಟಿಕೊಂಡ ಹೆಂಡತಿಗೇ ಗುರುತು ಸಿಗದ ಮೇಲೆ ಊರವರಿಗೆ ಎಲ್ಲಿಂದ ಸಿಗಬೇಕು? ಇದೇ ಕೊನೆಯ ಸಲ, ಆಗದಿದ್ದರೆ ಬಿಲ್ಲು ಹಾಕಿಕೊಂಡೇ ಇರುತ್ತೇನೆ ಅಂದುಕೊಂಡು, ಗುಟ್ಟಾಗಿ ಅಪ್ಪಯ್ಯನನ್ನೇ ಬರೆಯಲು ಕೂತೆ. ಬೋಳುತಲೆಗೆ ಒಂದು ಕೂದಲನ್ನೂ ಸೇರಿಸಲಿಲ್ಲ. ಮುಗಿದ ಸಂಜೆ, ಬಣ್ಣ ಒಣಗಲಿ ಎಂದು ಜಗಲಿಯ ಕುರ್ಚಿ ಮೇಲೆ ಪಟ ಇಟ್ಟು ಸ್ನಾನಕ್ಕೆ ಹೋದೆ.

ಅಮ್ಮನಿಗೆ ಪಟ ಬೋಳುಬೋಳು ಕಂಡಿತಂತೆ. ಒಂದು ಮೊಳ ಮಲ್ಲಿಗೆ ಹಾಕಿದರು. ಮುಸ್ಸಂಜೆಯ ದೀಪವನ್ನು ಜಗಲಿಗೆ ತಂದವರು, ಗಾಳಿಗೆ ಆರದಿರಲಿ ಎಂದು ಪಟದ ಮರೆಯಲ್ಲಿ, ಸರಿಯಾಗಿ ಅದರ ಮುಂದೆಯೇ ಇಟ್ಟು ಚಾ ಮಾಡಲು ಒಳಗೆ ಹೋದರು.

ಎದುರು ಮನೆಯ ಮಾವ ಗೇಟಿನಿಂದಲೇ ಇದನ್ನು ಕಂಡವರು, ಹೆಗಲ ಮೇಲಿನ ಬೈರಾಸಿನಲ್ಲಿ ಕಣ್ಣೊರೆಸಿಕೊಂಡು ಫೋಟೋ ತೆಗೆದು, ಮೀನು ವ್ಯಾಪಾರದವರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು.

ನಾನು ಸ್ನಾನ ಮುಗಿಸಿ ಹೊರಗೆ ಬಂದರೆ ಜಗಲಿ ತುಂಬ ಜನ. ತಲೆ ಒದ್ದೆ, ಸೋಪು ಹೋಗಿ ಕಣ್ಣು ಕೆಂಪು. ಹೆಂಗಸರು ನನ್ನನ್ನು ತಬ್ಬಿಕೊಂಡರು. ಅಷ್ಟರಲ್ಲಿ ಅಮ್ಮ ಚಾ ತಂದು, ಇಷ್ಟು ಜನ ಮಗಳ ಚಿತ್ರ ನೋಡಲು ಬಂದರಲ್ಲ ಎಂಬ ಖುಷಿಯಲ್ಲಿ, "ಕೂಕಣಿ, ಕೂಕಣಿ. ಚಂದ ಕಾಂತ್ರಲ್ದಾ?" ಎಂದು ಎಲ್ಲರನ್ನೂ ಕೂರಿಸಿ ನಗುನಗುತ್ತ ಉಪಚರಿಸತೊಡಗಿದರು. ಆಘಾತಕ್ಕೆ ಹೀಗಾಗಿದೆ ಎಂದು ಯಾರೋ ಪಿಸುಗುಟ್ಟಿದರು.

ಆಗ ಗೇಟಿನ ಹತ್ತಿರ ಸ್ಕೂಟರು ನಿಂತಿತು. ಅಪ್ಪಯ್ಯ ಮೀನಿನ ಚೀಲ ಹಿಡಿದು ಒಳಗೆ ಬಂದರು.

"ಎಂತ ಆಯ್ತ್? ಯಾರ್ ಹೋದ್ದ್?"

ಎದುರು ಮನೆಯ ಮಾವ ಮೊಬೈಲು ಮುಂದೆ ಹಿಡಿದು, "ಗ್ರೂಪಲ್ ನೀವೂ ಕೈ ಮುಗ್ದಿದ್ರಲೆ ಮಾರಾಯ್ರೆ" ಅಂದರು. ನೋಡಿದರೆ ಹೌದು. ಓಂ ಶಾಂತಿಗಳ ಸಾಲಿನಲ್ಲಿ ಅಪ್ಪಯ್ಯನದೂ ಒಂದು ಮುಗಿದ ಕೈ ಇತ್ತು.

"ಕನ್ನಡ್ಕ ಇರ್ಲಿಲ್ಲ," ಅಂದರು ಅಪ್ಪಯ್ಯ. "ಎಲ್ರೂ ಮುಗ್ದಿರ್, ನಾನೂ ಮುಗ್ದೆ."

ಆಮೇಲೆ ಪಟದ ಹತ್ತಿರ ಹೋಗಿ ಬಗ್ಗಿ ನೋಡಿದರು. ಚಿತ್ರ ಬರೆಯುವ ನನ್ನ ಆಸೆ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಅಪ್ಪಯ್ಯ ಜನರತ್ತ ತಿರುಗಿದರು.

"ಇದ್ ನಾನ್ ಅಂದೇಳಿ ನಿಮ್ಗೆ ಯಾರ್ ಹೇಳ್ದ್ರ್?"

"ಯಾರ್ ಹೇಳ್ಕ್?" ಅಂದರು ಮಾವ. "ಗೇಟಿಂದ್ಲೇ ಗುರ್ತ್ ಸಿಕ್ತ್."

ಅಪ್ಪಯ್ಯ ನನ್ನನ್ನು ಕರೆದರು. "ಹೆಣ್ಣೆ, ನಾಳೆ ಅಂಗ್ಡಿಗ್ ಹೋಗ್. ಕೆಲ್ಸ ಬಿಟ್ಟೆ ಅಂದೇಳಿ ಹೇಳ್ಕಂಡ್ ಬಾ."

ಮತ್ತೆ ಪಟದ ಮಲ್ಲಿಗೆಯನ್ನು ಮೆಲ್ಲಗೆ ತೆಗೆದು, ಚಾ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಅಮ್ಮನಿಗೆ ಕೊಟ್ಟರು.

"ಇದನ್ ನೀ ಮುಡ್ಕೊ. ನಾ ಇನ್ನೂ ಹೋಯ್ಲಿಲ್ಲೆ."