ಮನಸ್ಸಿಗೆ ಹಚ್ಚಿಕೊಂಡದ್ದನ್ನು ಬಿಡಿಸುವ ಮಾವ

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿತ್ತೆಂದು ಹೇಳುವವರು ಇಂದಿಗೂ ಇದ್ದಾರೆ. ಹತ್ತು ಮಂದಿ ಹೇಳಿದ ಮಾತ್ರಕ್ಕೆ ಒಪ್ಪಿಬಿಡುವುದು ನನ್ನ ಜಾಯಮಾನವಲ್ಲ. ನಾನು ಕಂಡಂತೆ ಹುಚ್ಚು ಅವರನ್ನು ಹಿಡಿದಿರಲಿಲ್ಲ. ಅವರೇ ಹುಚ್ಚನ್ನು ಹಿಡಿದು, ಮನೆಮುಂದಿನ ಕಟ್ಟೆಯ ಮೇಲೆ ಕೂಡಿಸಿ, ಚಹಾ ಕುಡಿಸಿ ಮಾತಾಡಿಸುತ್ತಿದ್ದರು!

ಎಪ್ಪತ್ತರ ದಶಕದ ಮಾತು. ಆಗಿನ್ನೂ ಬಿಜಾಪುರವಾಗಿದ್ದ ನಮ್ಮೂರಿನ ಒಂದು ಹತ್ತಿ ಗಿರಣಿಯಲ್ಲಿ ಮಾವ ಮುಕಾದಮರು. ಅರಳೆಯಿಂದ ಬೀಜ ಬಿಡಿಸುವ ಯಂತ್ರಗಳ ಮೇಲೂ ಅವನ್ನು ನಡೆಸುವ ಆಳುಗಳ ಮೇಲೂ ಕಣ್ಣಿಡುವುದು ಅವರ ಕೆಲಸ. ಆಪ್ತಸಮಾಲೋಚನೆ ಎಂಬ ಘನವಾದ ಶಬ್ದ ಆಗ ನಮ್ಮ ಕಡೆಗೆ ಬಂದಿರಲಿಲ್ಲ. ಬಂದಿದ್ದರೆ ಮಾವ ಅದನ್ನೂ ಕಟ್ಟೆಯ ಮೇಲೆ ಕೂಡಿಸಿ, "ನಿನಗೇನಾಗೈತಪಾ?" ಎಂದು ಕೇಳುತ್ತಿದ್ದರು.

ಅವರ ವೈದ್ಯವೆಲ್ಲ ನಿಂತದ್ದು ಒಂದು ಮಾತಿನ ಮೇಲೆ. ದುಃಖದಲ್ಲಿದ್ದವನಿಗೆ ನಮ್ಮ ಜನ ಏನು ಹೇಳುತ್ತಾರೆ? 'ಮನಸ್ಸಿಗೆ ಹಚ್ಚಿಕೊಳ್ಳಬೇಡ.' ಮಾವನ ತಕರಾರು ಇಲ್ಲಿಯೇ. ಹಚ್ಚಿಕೊಂಡಾದ ಮೇಲೆ ಹಚ್ಚಿಕೊಳ್ಳಬೇಡ ಎಂದರೆ ಏನು ಬಂತು? ಹತ್ತಿದ್ದನ್ನು ಬಿಡಿಸುವ ದಾರಿಯನ್ನು ಯಾರಾದರೂ ಹೇಳಿದ್ದಾರೆಯೇ? ಆ ದಾರಿಯನ್ನು ಮಾವ ಕಂಡುಹಿಡಿದಿದ್ದರು. ಶೇಂಗಾ ಸುಲಿಯುವುದು!

ಹೊನವಾಡದಿಂದ ಗಿರಣಿಗೆ ಬಸ್ಸಿನಲ್ಲಿ ಬರುತ್ತಿದ್ದ ಹಮಾಲ ಭೀಮಪ್ಪ ಒಂದು ಸಂಜೆ ಜೋಲುಮುಖ ಹೊತ್ತು ಕಟ್ಟೆಗೆ ಬಂದ. ನಾದಿನಿಯ ಮದುವೆಯಲ್ಲಿ ಹೆಂಡತಿಯ ತವರಿನವರು ತನ್ನ ಹೋಳಿಗೆಗೆ ತುಪ್ಪ ಹಾಕದೆ ಮುಂದಿನ ಎಲೆಗೆ ಹೋದರೆಂಬುದು ಅವನ ಸಂಕಟ.

"ಮನಸ್ಸಿಗಿ ಹಚ್ಕೊಂಡಿಯೇನು?"

"ಹಚ್ಕೊಂಡೇನ್ರಿ."

"ಮದವಿ ಯಾವಾಗ ಆಗೈತಿ?"

"ಹ್ವಾದ ವರ್ಷರಿ."

"ಮದಮಗಳಿಗಿ ಹಚ್ಚಿದ ಅರಿಷಿಣಾನ ಹೋಗೈತಿ, ನಿಂದಿನ್ನೂ ಹೋಗಿಲ್ಲೇನಲೇ? ಕುಂಡ್ರು. ಸುಲಿ."

ಬುಟ್ಟಿಯ ತಳ ಕಾಣುವ ಹೊತ್ತಿಗೆ, ಆ ಮದುವೆಗೆ ತಾನೇ ಉಡುಗೊರೆ ಒಯ್ದಿರಲಿಲ್ಲವೆಂಬುದು ಭೀಮಪ್ಪನಿಗೆ ನೆನಪಾಗಿ, ಅವನು ನಾಚಿ ನಕ್ಕ.

ಬಿಟ್ಟಿ ಆಳು ದುಡಿಸಿಕೊಳ್ಳುವ ಹಂಚಿಕೆ ಇದು ಎಂದು ಓಣಿಯವರು ಆಡಿಕೊಂಡರು. ನಾನು ಒಪ್ಪಲಿಲ್ಲ. ಕಣ್ಣು ಕಾಯಿಯ ಮೇಲಿದ್ದಾಗ ಮನುಷ್ಯನು ಎದುರಿನವನ ಮುಖ ನೋಡಿ ಹೇಳಲಾರದ್ದನ್ನು ಹೇಳಿಬಿಡುತ್ತಾನೆ. ಆದರೆ ನಮ್ಮ ಅತ್ತೆಯ ನಡತೆ ಓಣಿಯವರ ಪಕ್ಷಕ್ಕೇ ಬಲ ಕೊಡುತ್ತಿತ್ತೆಂಬುದನ್ನು ಮುಚ್ಚಿಡಲಾರೆ. ಹಬ್ಬ ಹತ್ತಿರ ಬಂದರೆ ಸಾಕು, "ಶೇಂಗಾ ಹೋಳಿಗಿ ಮಾಡೂದೈತಿ. ಗಿರಣ್ಯಾಗ ಯಾರರ ದುಃಖದಾಗ ಅದಾರೇನು ನೋಡ್ರಿ," ಎನ್ನುತ್ತಿದ್ದರು. ಒಬ್ಬನಂತೂ ಅಳುತ್ತ ಅಳುತ್ತ ಸುಲಿದದ್ದನ್ನೆಲ್ಲ ಬಾಯಿಗೆ ಹಾಕಿಕೊಂಡ. ಅತ್ತೆ ಬುಟ್ಟಿ ಎತ್ತಿಟ್ಟು, "ಇವಂದು ಸುಲಿಯೂ ದುಃಖ ಅಲ್ರಿ, ತಿನ್ನೂ ದುಃಖ. ಇದಕ್ಕ ನಿಮ್ಮ ಕಡೆ ಔಷಧ ಇಲ್ಲ," ಎಂದರು.

ಔಷಧವಿಲ್ಲದ ದುಃಖ ನಿಜವಾಗಿಯೂ ಬಂದದ್ದು ಬಬಲೇಶ್ವರದ ದಸ್ತಗೀರಸಾಬನ ರೂಪದಲ್ಲಿ. ಯಂತ್ರ ನಡೆಸುವುದರಲ್ಲಿ ಪಳಗಿದ ಆಳು. ಅವನ ಅಣ್ಣ ಹಾವು ಕಚ್ಚಿ ತೀರಿಕೊಂಡ ಮೇಲೆ ಅವನಿಗೆ ನಿದ್ದೆ ಹೋಯಿತು, ಆಮೇಲೆ ಮಾತೂ ಹೋಯಿತು. ಮಾವ ಬುಟ್ಟಿ ಮುಂದಿಟ್ಟರು. ಅವನು ತುಟಿ ಎರಡು ಮಾಡದೆ ಸುಲಿದು, ಕಾಳನ್ನು ಹೊರಗೆ ಚೆಲ್ಲಿ, ಸಿಪ್ಪೆಯನ್ನು ಜೋಪಾನವಾಗಿ ಪಾತ್ರೆಗೆ ತುಂಬಿದ.

"ಇದು ನನ್ನ ಕೈಲೆ ಆಗೂದಲ್ಲ," ಎಂದರು ಮಾವ. "ಧಾರವಾಡದ ಡಾಕ್ಟರಿಗೇ ತೋರಸಬೇಕು."

ಧಾರವಾಡ ವಿದ್ಯೆಗೂ ಪೇಢೆಗೂ ಹೆಸರಾದ ಊರು. ಆದರೆ ನಮ್ಮ ಕಡೆ 'ಅವನನ್ನು ಧಾರವಾಡಕ್ಕೆ ಒಯ್ದರು' ಎಂದರೆ, ಪೇಢೆ ತಿನ್ನಿಸಲು ಒಯ್ದರೆಂದು ಯಾರೂ ತಿಳಿಯುವುದಿಲ್ಲ. ಮನೋರೋಗದ ಆಸ್ಪತ್ರೆ ಇದ್ದದ್ದು ಅಲ್ಲಿ. ಜೊತೆಗೆ ಬಂದಿದ್ದ ದಸ್ತಗೀರಸಾಬನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ಊರ ಹೆಸರ ತಗೀಬ್ಯಾಡ್ರಿ ಮುಕಾದಮ್ರ. ಮಗಳ ಲಗ್ನ ಕೂಡೈತಿ. ಹುಡುಗಿ ಅಪ್ಪ ಧಾರವಾಡಕ್ಕ ಹ್ವಾದ ಅಂದ್ರ ಬೀಗರು ನಮ್ಮ ಹೊಸ್ತಿಲಾ ತುಳಿಯೂದಿಲ್ರಿ. ಗಿರಣಿ ಸಾಹುಕಾರ್ರೂ ಮಶೀನ್ ಮುಟ್ಟಗೊಡೂದಿಲ್ಲ."

ಮರುದಿನ ಮಾವ ಗಿರಣಿಯಲ್ಲಿ ಹತ್ತಿ ತುರುಕಿದ ದೊಡ್ಡ ಚೀಲದಂಥ ಒಂದು ಅಂಡಿಗೆಯ ಮುಂದೆ ಮಂಡಿಯೂರಿ ಕುಳಿತು, "ನಿನಗ ಯಾರು ಏನಂದ್ರವಾ? ಯಾಕ ಇಷ್ಟು ಉಬ್ಬೀದಿ?" ಎಂದು ವಿಚಾರಿಸತೊಡಗಿದರು. ತಕ್ಕಡಿಗೆ ನಮಸ್ಕಾರ ಮಾಡಿ, ಅದು ತಿರುಗಿ ನಮಸ್ಕಾರ ಮಾಡಲಿಲ್ಲವೆಂದು ಜಗಳ ತೆಗೆದರು. ಸಾಹುಕಾರರು ಓಡಿಬಂದರು.

"ನನ್ನ ತಲಿ ಕೆಟ್ಟೈತ್ರಿ," ಎಂದರು ಮಾವ, ರಜೆ ಕೇಳುವಷ್ಟು ವಿನಯದಿಂದ. "ಧಾರವಾಡಕ್ಕ ಹೋಗಬೇಕು. ಜೋಡಿ ದಸ್ತಗೀರನ್ನ ಕಳಸ್ರಿ."

"ಹುಚ್ಚನ ಜೋಡಿ ಮೂಕನ್ನ ಕಳಸ್ಲೇನು?"

"ಇಬ್ಬರೂ ಮಾತಾಡಿದ್ರ ಬಸ್ಸಿನ ಮಂದಿ ಇಳದ ಹೋಗ್ತಾರ್ರಿ."

ಹೀಗೆ ಮಾವನಿಗೆ ಹುಚ್ಚು ಹಿಡಿಯಿತು. ಊರು ಹೇಳುವ ಕಥೆ ಇಷ್ಟೇ. ದಸ್ತಗೀರಸಾಬ ಔಷಧ ತೆಗೆದುಕೊಂಡು ಮೆಲ್ಲಗೆ ಚೇತರಿಸಿ ಮತ್ತೆ ಯಂತ್ರದ ಮುಂದೆ ನಿಂತದ್ದನ್ನಾಗಲಿ, ಮಗಳ ನಿಖಾ ಸಾಂಗವಾಗಿ ನಡೆದದ್ದನ್ನಾಗಲಿ ಊರು ಈ ಕಥೆಗೆ ಜೋಡಿಸಲಿಲ್ಲ. ಮಾವನೂ ಸಾಯುವವರೆಗೆ ಜೋಡಿಸಲಿಲ್ಲ.

ಆದರೆ ಅತ್ತೆಯ ಒತ್ತಾಯಕ್ಕೆ ನಾನೂ ಆ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಬಬಲೇಶ್ವರದಲ್ಲಿ ಬಸ್ಸು ನಿಂತಾಗ, ಸುದ್ದಿ ಮೊದಲೇ ತಲುಪಿ, ಹುಚ್ಚನನ್ನು ನೋಡಲು ಮಂದಿ ಕಿಟಕಿಗೆ ಮುತ್ತಿದರು. ಮಾವ ಅವರಿಗೆ ನಿರಾಶೆಯಾಗದಿರಲೆಂದು ಟೋಪಿ ತಿರುಗುಮುರುಗು ಹಾಕಿಕೊಂಡು ಸಲಾಮು ಹೊಡೆದರು. ಒಬ್ಬ ಮುದುಕ ದಸ್ತಗೀರಸಾಬನನ್ನು ಕೇಳಿದ:

"ಯಾರನ್ನ ಒಯ್ಯಾಕತ್ತೀಯೋ?"

ದಸ್ತಗೀರಸಾಬ ಮಾವನ ಟೋಪಿಯನ್ನು ಸರಿಮಾಡಿದ. ಎಷ್ಟೋ ದಿನಗಳ ಮೇಲೆ ಅವನ ಗಂಟಲಿನಿಂದ ಮಾತು ಹೊರಟಿತು.

"ನಮ್ಮಣ್ಣನ್ನ."

ಮಾವ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡರು. ಹುಚ್ಚನನ್ನು ನೋಡಬಂದ ಮಂದಿ, ಅವನು ಸುಮ್ಮಸುಮ್ಮನೆ ಅಳುವುದನ್ನು ಕಣ್ಣಾರೆ ಕಂಡು, ಸಮಾಧಾನದಿಂದ ಮನೆಗೆ ಹೋದರು.